ಹಳೆಯ ಅಂಚೆ ಕಾರ್ಡಿನಲ್ಲಿ ನರಿ, ಕಾಗೆ, ಕುರಿಮರಿ: ನೋಡುವುದು, ಓದುವುದು, ಕಟ್ಟು ಹಾಕುವುದು ಹೇಗೆ

ಮೊದಲು ಕೈ ತೊಳೆದುಕೊಳ್ಳಿ. ಸೋಪು ಹಾಕಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಬೆರಳ ತುದಿಯ ತೇವ ಪೂರ್ತಿ ಆರುವವರೆಗೆ ಕಾಯಿರಿ. ಆಮೇಲೆ ಕಾರ್ಡನ್ನು ಅಂಚಿನಲ್ಲಿ ಹಿಡಿದು, ಮೇಜಿನ ಮೇಲೆ ಹಾಸಿದ ಬಿಳಿ ಕಾಗದದ ಮೇಲಿಡಿ. ಚಿತ್ರದ ಮೇಲೆ ಹೆಬ್ಬೆರಳು ಊರಬೇಡಿ. ನೂರು ವರ್ಷದ ಹಿಂದಿನ ಬಣ್ಣ ಇವತ್ತಿಗೂ ಉಳಿದಿದೆ ಎಂದರೆ ಯಾರೋ ಅದನ್ನು ಅಷ್ಟು ಜೋಪಾನವಾಗಿ ಇಟ್ಟಿದ್ದರು ಎಂದೇ ಅರ್ಥ.

ನಾನು ಕೋಲಾರದಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ನಡೆಸುತ್ತೇನೆ. ಅಪ್ಪ ಇಟ್ಟ ಅಂಗಡಿ. ಅವರ ಕೈ ನಡುಗಲು ಶುರುವಾದ ಮೇಲೆ ಗಾಜು ಕೊಯ್ಯುವ ಕೆಲಸ ನನ್ನದಾಯಿತು. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಮದುವೆಯ ಫೋಟೊ, ತೀರಿಕೊಂಡ ಹಿರಿಯರ ಫೋಟೊ, ಕೋಲಾರಮ್ಮನ ಪಟ. ಇವುಗಳ ನಡುವೆ ವರ್ಷಕ್ಕೆ ನಾಲ್ಕಾರು ಸಲ ಕೆಜಿಎಫ್ ಕಡೆಯಿಂದ ಯಾರಾದರೂ ಹಳೆಯ ಚಿತ್ರದ ಕಾರ್ಡು ತರುತ್ತಾರೆ. ಕೋಟು ತೊಟ್ಟ ನರಿ, ಕೊಕ್ಕಿನಲ್ಲಿ ಗಿಣ್ಣು ಕಚ್ಚಿದ ಕಾಗೆ, ಹೊಳೆಯ ದಂಡೆಯ ತೋಳ. ಮೂವತ್ತು ಕಿಲೊಮೀಟರ್ ಆಚೆಯ ಆ ಊರಿಗೆ ಇವು ಬಂದದ್ದರಲ್ಲಿ ಆಶ್ಚರ್ಯವಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನದ ಗಣಿಗೆ ಕೈ ಹಾಕಿದ ಮೇಲೆ ಬ್ರಿಟನ್ನಿನ ಎಂಜಿನಿಯರುಗಳು ಸಂಸಾರ ಸಮೇತ ಬಂದು ಊರಿಗಾಂ, ಚಾಂಪಿಯನ್ ರೀಫ್ಸ್‌ಗಳಲ್ಲಿ ನೆಲೆಸಿದರು. ಆ ಮನೆಗಳ ಮಕ್ಕಳಿಗೆ ಕಡಲಾಚೆಯ ಅಜ್ಜಿಯರೂ ಅತ್ತೆಯರೂ ಕಳಿಸಿದ ಕಾರ್ಡುಗಳಿವು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮನೆಗಳು ಕೈ ಬದಲಾಯಿಸಿದ ಹಾಗೆ, ಟ್ರಂಕುಗಳ ತಳದಲ್ಲಿದ್ದದ್ದು ಹೊರಗೆ ಬರುತ್ತಿದೆ.

ಈ ಕೆಲಸವನ್ನು ನಾನು ಸರಿಯಾಗಿ ಕಲಿತದ್ದು ಒಂದು ಕಾರ್ಡನ್ನು ಹಾಳು ಮಾಡಿದ ಮೇಲೆ. ಹದಿನೆಂಟು ವರ್ಷದ ಹಿಂದೆ ಒಬ್ಬ ಯಜಮಾನರು ತೋಳ ಮತ್ತು ಕುರಿಮರಿಯ ಕಾರ್ಡು ತಂದಿದ್ದರು. ಅವರ ತಾಯಿ ಗಣಿ ಬಂಗಲೆಯೊಂದರಲ್ಲಿ ಆಯಾ ಆಗಿದ್ದವರು. ಆ ಮನೆಯವರು ಊರು ಬಿಡುವಾಗ ಹುಡುಗಿ ಕೊಟ್ಟು ಹೋದ ಕಾರ್ಡಂತೆ. ನಾನು ಚಿತ್ರವೊಂದನ್ನೇ ನೋಡಿದೆ. ಹಿಂಬದಿಗೆ ಮೈದಾ ಅಂಟು ಬಳಿದು ಹಾರ್ಡ್‌ಬೋರ್ಡಿಗೆ ಒತ್ತಿ, ಗಾಜು ಹಾಕಿ ಕೊಟ್ಟೆ. ನೋಡಲು ಚೆನ್ನಾಗಿಯೇ ಇತ್ತು. ಆರು ವರ್ಷ ಕಳೆದು ಅವರು ಮತ್ತೆ ಬಂದರು. “ಅಮ್ಮಾ, ಹಿಂದುಗಡೆ ಆ ಮಗು ನಮ್ಮ ತಾಯಿಯ ಹೆಸರು ಬರೆದಿತ್ತಂತೆ. ಮೊಮ್ಮಕ್ಕಳು ನೋಡಬೇಕು ಅನ್ನುತ್ತಿದ್ದಾರೆ, ಬಿಡಿಸಿ ಕೊಡುತ್ತೀರಾ?” ಎಂದರು. ಆವಿ ಹಿಡಿದೆ, ಒದ್ದೆ ಬಟ್ಟೆ ಇಟ್ಟೆ, ತೆಳುವಾದ ಚಾಕು ಆಡಿಸಿದೆ. ಕಾಗದದ ಪದರ ಸೀಳಿ, ಬರಹವೆಲ್ಲ ಅಂಟಿನ ಜೊತೆ ಹಲಗೆಯಲ್ಲೇ ಉಳಿಯಿತು. ಹೆಸರಿನ ಕೊನೆಯ ಎರಡು ಅಕ್ಷರ ಮಾತ್ರ ಓದಲು ಬಂದವು. ಅವರು ನನ್ನನ್ನು ಬೈಯಲಿಲ್ಲ. ಆ ಎರಡು ಅಕ್ಷರವನ್ನೇ ಬಹಳ ಹೊತ್ತು ನೋಡಿ, ಹಲಗೆಯನ್ನೂ ಕಾರ್ಡನ್ನೂ ಪೇಪರಿನಲ್ಲಿ ಸುತ್ತಿಕೊಂಡು ಹೋದರು. ಅಂದಿನಿಂದ ಯಾರು ಯಾವ ಕಾರ್ಡು ತಂದರೂ ನಾನು ಮೊದಲು ಮಗುಚಿ ನೋಡುತ್ತೇನೆ.

ಹಿಂಬದಿಯಿಂದ ಶುರು ಮಾಡಿ

ಹಿಂಬದಿಯ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಇದೆಯೇ ನೋಡಿ. ಮೊದಮೊದಲು ಆ ಬದಿ ವಿಳಾಸಕ್ಕೆ ಮಾತ್ರ ಮೀಸಲು. ಬೇರೆ ಒಂದು ಮಾತು ಬರೆಯಲೂ ಅಂಚೆಯವರು ಬಿಡುತ್ತಿರಲಿಲ್ಲ. ಎಡಗಡೆ ಪತ್ರ, ಬಲಗಡೆ ವಿಳಾಸ ಎಂದು ಭಾಗ ಮಾಡಲು ಬ್ರಿಟನ್ 1902ರಲ್ಲಿ ಒಪ್ಪಿತು. ಫ್ರಾನ್ಸ್ 1903ರ ಕೊನೆಗೆ, ಜರ್ಮನಿ 1905ರಲ್ಲಿ, ಅಮೆರಿಕ 1907ರ ಮಾರ್ಚ್ 1ರಿಂದ ಅದೇ ದಾರಿ ಹಿಡಿದವು. ಹಾಗಾಗಿ ಫ್ರಾನ್ಸಿನ ಕಾರ್ಡಿನಲ್ಲಿ ಗೆರೆ ಇಲ್ಲದಿದ್ದರೆ ಅದು ಅಚ್ಚಾದದ್ದು ಬಹುಮಟ್ಟಿಗೆ 1904ಕ್ಕೆ ಮೊದಲು. ಕಳಿಸಿದ್ದು ಮಾತ್ರ ಆಮೇಲೂ ಇರಬಹುದು, ಏಕೆಂದರೆ ಉಳಿದ ಸರಕನ್ನು ಯಾರೂ ಎಸೆಯುವುದಿಲ್ಲ.

ಗೆರೆ ಇಲ್ಲದ ಕಾರ್ಡುಗಳಲ್ಲಿ ಪತ್ರವೆಲ್ಲ ಚಿತ್ರದ ಕಡೆಗೇ ಬಂದಿರುತ್ತದೆ. ನರಿಯ ಬಾಲವನ್ನು ಬಳಸಿಕೊಂಡು, ಕೊಂಬೆಗಳ ಸಂದಿಯಲ್ಲಿ ನುಸುಳಿ, ಆಕಾಶದ ಖಾಲಿ ಜಾಗದಲ್ಲೆಲ್ಲ ಸಣ್ಣ ಅಕ್ಷರ. ಅದನ್ನು ಕೊಳೆಯೆಂದು ತಿಳಿದು ಅಳಿಸಲು ಹೋಗಬೇಡಿ. ಚಿತ್ರ ಅಂಗಡಿಯಲ್ಲಿ ಸಾವಿರ ಜನಕ್ಕೆ ಸಿಕ್ಕಿದ್ದು. ಬರಹ ನಿಮ್ಮ ಕೈಯಲ್ಲಿರುವ ಒಂದೇ ಒಂದು ಕಾರ್ಡಿಗೆ ಸೇರಿದ್ದು.

ಅಂಚೆ ಮುದ್ರೆಯಲ್ಲಿ ತಾರೀಕು ಓದಲು ಬಂದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬರದಿದ್ದರೆ ಅಂಚೆಚೀಟಿ ನೋಡಿ. ಬ್ರಿಟನ್ನಿನದಾದರೆ ರಾಜನ ಮುಖವೇ ಕಾಲ ಹೇಳುತ್ತದೆ: ಏಳನೇ ಎಡ್ವರ್ಡ್ ಆಳಿದ್ದು 1901ರಿಂದ 1910, ಐದನೇ ಜಾರ್ಜ್ 1910ರಿಂದ 1936. ಆ ದೇಶದೊಳಗೆ ಕಾರ್ಡಿಗೆ ಅರ್ಧ ಪೆನ್ನಿ ಸಾಕಾಗುತ್ತಿತ್ತು. 1918ರ ಜೂನ್‌ನಲ್ಲಿ ಅದು ಒಂದು ಪೆನ್ನಿ ಆಯಿತು. ಫ್ರಾನ್ಸಿನಲ್ಲಿ ಇನ್ನೊಂದು ಪದ್ಧತಿ ಇತ್ತು. ದೇಶದೊಳಗಿನ ಕಾರ್ಡಿನಲ್ಲಿ ಐದು ಪದ ಮೀರದ ಶುಭಾಶಯವಾದರೆ 5 ಸೆಂಟೀಮ್, ಮೀರಿದರೆ 10. ಒಂದು ಕಾರ್ಡಿನಲ್ಲಿ “ಮುತ್ತುಗಳು, ಅಜ್ಜಿ” ಎಂದಷ್ಟೇ ಇದ್ದರೆ ಪ್ರೀತಿ ಕಡಿಮೆಯಿತ್ತು ಎಂದುಕೊಳ್ಳಬೇಡಿ. ಆ ಅಜ್ಜಿ ಐದು ಸೆಂಟೀಮ್ ಉಳಿಸಿದ್ದಾಳೆ.

ಅಳತೆ ಹಿಡಿಯಿರಿ. ಆ ಕಾಲದ ಕಾರ್ಡು 9 ಸೆಂಟಿಮೀಟರ್ ಅಗಲ, 14 ಉದ್ದ. ದೇಶದೇಶಗಳ ಅಂಚೆ ಒಕ್ಕೂಟದ ನಿಯಮವೇ ಹಾಗಿತ್ತು. ಹತ್ತೂವರೆಗೆ ಹದಿನೈದರಷ್ಟು ದೊಡ್ಡದಿದ್ದರೆ ಅದು ನಂತರದ ದಶಕಗಳದು. ವಿಳಾಸದ ಜಾಗವೇ ಇಲ್ಲದೆ ಚಾಕೊಲೇಟ್ ಅಥವಾ ಸೋಪಿನ ಜಾಹೀರಾತು ಇದ್ದರೆ ಅದು ಅಂಚೆ ಕಾರ್ಡೇ ಅಲ್ಲ, ಅಂಗಡಿಗಳಲ್ಲಿ ಸರಕಿನ ಜೊತೆ ಕೊಡುತ್ತಿದ್ದ ಚಿತ್ರಚೀಟಿ. ನೀತಿಕಥೆಗಳು ಅವುಗಳಲ್ಲೂ ತುಂಬ ಇವೆ, ಮತ್ತು ಮುದ್ರಣ ಎಷ್ಟೋ ಸಲ ಕಾರ್ಡಿಗಿಂತ ಸೊಗಸು.

ಭೂತಗನ್ನಡಿ

ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಚಿಕ್ಕ ಭೂತಗನ್ನಡಿ ಕೊಳ್ಳಿ, ವಾಚು ರಿಪೇರಿಯವರು ಕಣ್ಣಿಗೆ ಹಾಕಿಕೊಳ್ಳುವಂಥದ್ದು. ಹಳೆಯ ಕಲ್ಲಚ್ಚಿನ ಬಣ್ಣದ ಕಾರ್ಡನ್ನು ಅದರಲ್ಲಿ ಮೊದಲ ಸಲ ನೋಡಿದಾಗ ನನಗೆ ಊಟದ ಹೊತ್ತು ಮೀರಿದ್ದು ತಿಳಿಯಲಿಲ್ಲ. ನರಿಯ ಬೆನ್ನು ಬರಿಗಣ್ಣಿಗೆ ಕಂದು. ಕನ್ನಡಿಯಲ್ಲಿ ಕಂದು ಎಲ್ಲೂ ಇಲ್ಲ. ಹಳದಿಯ ಮೇಲೆ ಕೆಂಪು ಚುಕ್ಕಿ, ಅದರ ಮೇಲೆ ತಿಳಿ ನೀಲಿ ಚುಕ್ಕಿ. ಒಂದಿದ್ದ ಹಾಗೆ ಇನ್ನೊಂದಿಲ್ಲ. ರಂಗೋಲಿಗೆ ಬಣ್ಣದ ಪುಡಿ ಉದುರಿಸುವಾಗ ಬೆರಳ ಸಂದಿಯಿಂದ ಬೀಳುವ ಹಾಗೆ ಕೆಲವೆಡೆ ದಟ್ಟ, ಕೆಲವೆಡೆ ವಿರಳ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಆ ಚುಕ್ಕಿಗಳನ್ನು ಒಬ್ಬ ಕೆಲಸಗಾರ ಕೈಯಿಂದ ಇಟ್ಟಿದ್ದಾನೆ. ಮೂಗಿನ ತುದಿಯಲ್ಲಿ ಕೆಂಪು ಕೂದಲೆಳೆಯಷ್ಟು ಗೆರೆ ದಾಟಿ ಹೊರಗೆ ಬಂದಿತ್ತು. ಒಂದು ಕಲ್ಲು ಅಷ್ಟೇ ಅಷ್ಟು ಪಕ್ಕಕ್ಕೆ ಸರಿದಿರಬೇಕು.

ಚುಕ್ಕಿಗಳು ಸಾಲು ತಪ್ಪದೆ, ಹೊಲದ ಬೇಲಿಯ ತಂತಿಬಲೆಯಂತೆ ಒಂದೇ ಅಂತರದಲ್ಲಿದ್ದರೆ ಅದು ಹಾಫ್‌ಟೋನ್ ಅಚ್ಚು. ಅದೂ ಹಳೆಯದಿರಬಹುದು, ಈಚಿನದೂ ಇರಬಹುದು. ಚುಕ್ಕಿಯೇ ಇಲ್ಲದೆ ಕಪ್ಪು ಬಿಳಿ ನಯವಾಗಿ ಬೆರೆತಿದ್ದರೆ ಅದು ನಿಜವಾದ ಫೋಟೊ. ಅನುಮಾನ ಉಳಿದರೆ ಬ್ಯಾಂಕಿನವರು ನೋಟು ನೋಡುವ ನೇರಳೆ ಬೆಳಕಿನ ಟಾರ್ಚನ್ನು ಕತ್ತಲೆ ಕೋಣೆಯಲ್ಲಿ ಹಾಯಿಸಿ. ಕಾಗದಕ್ಕೆ ಹೊಳಪಿನ ರಾಸಾಯನಿಕ ಬೆರೆಸುವುದು ರೂಢಿಗೆ ಬಂದದ್ದು ಸುಮಾರು 1950ರ ನಂತರ. 1905ರದು ಎಂದು ಮಾರುವ ಕಾರ್ಡು ಒಗೆದ ಪಂಚೆಯ ಹಾಗೆ ನೀಲಿ ಬಿಳುಪಿನಲ್ಲಿ ಹೊಳೆದರೆ ಅದು ಮರುಮುದ್ರಣ, ದುಡ್ಡು ಕೊಡಬೇಡಿ. ಹೊಳೆಯಲಿಲ್ಲ ಎಂದ ಮಾತ್ರಕ್ಕೆ ಹಳೆಯದೇ ಎಂದೂ ಹೇಳಲಾಗದು.

ಯಾರ ಕಥೆ, ಯಾರ ಚಿತ್ರ

ಕೆಳಗಿನ ಅಕ್ಷರ ಫ್ರೆಂಚ್ ಆಗಿದ್ದರೆ ಕಥೆ ಬಹುಪಾಲು ಫ್ರೆಂಚ್ ಕವಿ ಲಾ ಫಾಂಟೇನ್‌ನದು. ಈಸೋಪನ ಹೆಸರಿನಲ್ಲಿ ಬಂದ ಗ್ರೀಕ್ ಕಥೆಗಳನ್ನೂ ಬೇರೆ ಕಡೆಯವನ್ನೂ ಅವನು ಪದ್ಯದಲ್ಲಿ ಹೇಳಿದ. ಮೊದಲ ಸಂಪುಟ 1668ರಲ್ಲಿ, ಎರಡನೆಯದು ಹತ್ತು ವರ್ಷದ ನಂತರ. ರಷ್ಯನ್ ಅಕ್ಷರವಿದ್ದರೆ ಅಲ್ಲಿಯ ನೀತಿಕಥೆಗಾರ ಕ್ರಿಲೋವ್‌ನದಿರಬಹುದು. ಅವನಲ್ಲೂ ಕಾಗೆ ನರಿ ಇವೆ.

ಚಿತ್ರಗಾರನ ಸಹಿ ಇಲ್ಲದಿದ್ದರೂ ಅವನು ಯಾರ ದಾರಿಯಲ್ಲಿ ನಡೆದ ಎಂಬುದನ್ನು ಗುರುತಿಸಬಹುದು. ಪ್ರಾಣಿಗಳು ಎರಡೇ ಕಾಲಲ್ಲಿ ನಿಂತು, ಕೋಟು, ಟೋಪಿ, ಗೌನು ತೊಟ್ಟಿದ್ದರೆ ಅದು 1838ರಲ್ಲಿ ಈ ಕಥೆಗಳಿಗೆ ಚಿತ್ರ ಬರೆದ ಗ್ರಾಂವಿಲ್‌ನ ದಾರಿ. ಕತ್ತಲೆ ಕವಿದ ಕಾಡು, ದೊಡ್ಡ ಮರ, ನಿಜವಾದ ಪ್ರಾಣಿಯಂಥ ಪ್ರಾಣಿ ಇದ್ದರೆ 1867ರ ಗುಸ್ತಾವ್ ಡೋರೆಯದು. ಡೋರೆ ಕೆಲವು ಕಥೆಗಳಲ್ಲಿ ಪ್ರಾಣಿಗಳನ್ನೇ ಕೈಬಿಟ್ಟ: ಇರುವೆ ಮತ್ತು ಹಾಡುವ ಹುಳುವಿನ ಕಥೆಗೆ ಅವನು ಬರೆದದ್ದು ಚಳಿಯಲ್ಲಿ ಬಾಗಿಲ ಮುಂದೆ ವಾದ್ಯ ಹಿಡಿದು ನಿಂತ ಬಡ ಹುಡುಗಿಯನ್ನು. ಆ ಚಿತ್ರ ಕಂಡ ಮೇಲೆ “ದುಡಿಯದವನಿಗೆ ಊಟವಿಲ್ಲ” ಎಂದು ಮಕ್ಕಳಿಗೆ ಹೇಳಿಕೊಡಲು ನನಗೆ ಬಾಯಿ ಬಂದಿಲ್ಲ. ಪ್ರಾಣಿಗಳ ಮುಖದಲ್ಲಿ ನಗು, ದಪ್ಪ ಗೆರೆ, ಚಪ್ಪಟೆ ಬಣ್ಣ ಇದ್ದರೆ 1906ರಲ್ಲಿ ಇದೇ ಕಥೆಗಳಿಗೆ ಚಿತ್ರ ಬರೆದ ಬೆಂಜಮಿನ್ ರಾಬ್ಯೆಯನ್ನು ನೆನೆಯಿರಿ.

ಇನ್ನು ನಮ್ಮ ಕಡೆಯ ಮಾತು. ಎರಡನೇ ಸಂಪುಟದ ಆರಂಭದಲ್ಲಿ ಲಾ ಫಾಂಟೇನ್ ತಾನು ಪಿಲ್ಪೇ ಎಂಬ ಭಾರತದ ಜ್ಞಾನಿಗೆ ಋಣಿ ಎಂದು ಬಾಯಿ ಬಿಟ್ಟು ಹೇಳಿದ್ದಾನೆ. ಪಂಚತಂತ್ರ ಆರನೇ ಶತಮಾನದಲ್ಲಿ ಪರ್ಷಿಯಾದ ಪಹ್ಲವಿ ಭಾಷೆಗೆ, ಎಂಟನೆಯದರಲ್ಲಿ ಅರಬ್ಬಿಗೆ ಹೋಗಿ, ಅಲ್ಲಿಂದ ಕೈ ಬದಲಾಯಿಸುತ್ತ ಯೂರೋಪು ಮುಟ್ಟಿತು. ಲಾ ಫಾಂಟೇನ್‌ಗೆ ಆರುನೂರು ವರ್ಷಕ್ಕೂ ಮೊದಲೇ, 1031ರ ಸುಮಾರಿಗೆ, ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದಾಗಿತ್ತು. ಅವನು ಅನುಸರಿಸಿದ್ದು ವಿಷ್ಣುಶರ್ಮನನ್ನಲ್ಲ, ವಸುಭಾಗ ಭಟ್ಟನನ್ನು. ಆದ್ದರಿಂದ ಕಡ್ಡಿ ಕಚ್ಚಿ ಹಾರುವ ಆಮೆಯ ಕಾರ್ಡು ಕೈಗೆ ಬಂದರೆ ಪರದೇಶದ್ದೆಂದು ದೂರ ಇಡಬೇಡಿ. ನಮ್ಮ ಆಮೆಯೇ ಫ್ರಾನ್ಸಿನ ಅಂಚೆಚೀಟಿ ಹಚ್ಚಿಕೊಂಡು ಮನೆಗೆ ಬಂದಿದೆ.

ಚಿತ್ರದಲ್ಲಿ ನೀತಿ ಎಲ್ಲಿರುತ್ತದೆ

ಕಥೆಗೆ ಆದಿ ಅಂತ್ಯ ಉಂಟು. ಕಾರ್ಡಿಗೆ ಇರುವುದು ಒಂದು ಗಳಿಗೆ. ಚಿತ್ರಗಾರ ಯಾವ ಗಳಿಗೆಯನ್ನು ಆರಿಸಿಕೊಂಡ ಎಂಬುದರಲ್ಲೇ ನೀತಿ ಇದೆ. ಹಾಗಾಗಿ ಕಾರ್ಡು ನೋಡಿದ ಕೂಡಲೇ ಶಾಲೆಯಲ್ಲಿ ಕಲಿತ ನೀತಿವಾಕ್ಯವನ್ನು ಒಪ್ಪಿಸಿಬಿಡಬೇಡಿ. ಮೊದಲು ಕಣ್ಣಿಗೆ ಕಾಣುವುದನ್ನು ಎಣಿಸಿ: ಯಾರು ಮೇಲಿದ್ದಾರೆ, ಯಾರು ಕೆಳಗೆ, ಯಾರ ಬಾಯಿ ತೆರೆದಿದೆ, ಯಾರು ಯಾರನ್ನು ನೋಡುತ್ತಿದ್ದಾರೆ.

ಕಾಗೆ ಮತ್ತು ನರಿ. ನನ್ನ ಬಳಿ ಇದೇ ಕಥೆಯ ಎರಡು ಕಾರ್ಡಿವೆ. ಒಂದರಲ್ಲಿ ಕಾಗೆಯ ಬಾಯಿ ಇನ್ನೂ ಮುಚ್ಚಿದೆ. ನರಿ ಟೋಪಿ ತೆಗೆದು ಎದೆಗೆ ಹಿಡಿದು ತಲೆಯೆತ್ತಿ ನಿಂತಿದೆ. ನೋಡುವವರ ಕಣ್ಣು ಹೋಗುವುದು ನರಿಯ ಕಡೆಗೆ, ಅದರ ಮಾತಿನ ಚಾತುರ್ಯದ ಕಡೆಗೆ. ಇನ್ನೊಂದರಲ್ಲಿ ಗಿಣ್ಣಿನ ತುಂಡು ಗಾಳಿಯಲ್ಲಿದೆ, ಕೊಕ್ಕು ಅಗಲವಾಗಿ ತೆರೆದಿದೆ, ಕಾಗೆಯ ಕಣ್ಣು ಮಾತ್ರ ಅರ್ಧ ಮುಚ್ಚಿದೆ. ಅದು ಇನ್ನೂ ಹಾಡುತ್ತಲೇ ಇದೆ. ಬಿದ್ದದ್ದು ಅದಕ್ಕೆ ಗೊತ್ತಾಗಿಲ್ಲ. ಆ ಅರ್ಧ ಮುಚ್ಚಿದ ಕಣ್ಣಿಗಾಗಿಯೇ ನಾನು ಈ ಕಾರ್ಡನ್ನು ಯಾರಿಗೂ ಕೊಟ್ಟಿಲ್ಲ. ಲಾ ಫಾಂಟೇನ್‌ನಲ್ಲಿ ನೀತಿಯನ್ನು ಹೇಳುವುದು ಗೆದ್ದ ನರಿಯೇ: ಹೊಗಳುವವನು ಕೇಳುವವನ ಅನ್ನದಲ್ಲಿ ಬದುಕುತ್ತಾನೆ, ಈ ಪಾಠಕ್ಕೆ ಒಂದು ಗಿಣ್ಣಿನ ತುಂಡು ಹೆಚ್ಚಲ್ಲ ಎಂದು. ಹಳೆಯ ಗ್ರೀಕ್ ಪಾಠದಲ್ಲಿ ಅದು ಮಾಂಸದ ತುಂಡು. ನಮ್ಮ ಬೀದಿಯ ತಮಿಳು ಮನೆಗಳ ಅಜ್ಜಿಯರ ಕಥೆಯಲ್ಲಿ ವಡೆ. ಬಾಯಲ್ಲಿ ಏನಿದೆ ಎಂಬುದು ಕಥೆ ಯಾವ ಊರನ್ನು ದಾಟಿ ಬಂತು ಎಂಬುದರ ಗುರುತು, ಬರೆದಿಟ್ಟುಕೊಳ್ಳಿ.

ನರಿ ಮತ್ತು ದ್ರಾಕ್ಷಿ. ಇಲ್ಲಿ ನೋಡಬೇಕಾದದ್ದು ದ್ರಾಕ್ಷಿಯ ಬಣ್ಣ. ಲಾ ಫಾಂಟೇನ್ ಆ ಗೊಂಚಲನ್ನು ಮಾಗಿದಂತೆ ಕಾಣುವ, ಕೆಂಪು ಸಿಪ್ಪೆಯ ಹಣ್ಣು ಎನ್ನುತ್ತಾನೆ. ಎಟುಕಲಿಲ್ಲವಾದ ಮೇಲೆ ನರಿ ಅವನ್ನು ಕಾಯಿ ಎನ್ನುತ್ತದೆ. ಚಿತ್ರದಲ್ಲಿ ಹಣ್ಣು ಕೆಂಪಾಗಿದ್ದರೆ ನರಿ ಸುಳ್ಳು ಹೇಳುತ್ತಿದೆ, ಕಥೆ ನಿಲ್ಲುತ್ತದೆ. ಹಸಿರಾಗಿ ಬರೆದಿದ್ದರೆ ನರಿ ಹೇಳಿದ್ದು ನಿಜ, ಕಥೆ ಬಿದ್ದುಹೋಗುತ್ತದೆ. ಹಸಿರು ದ್ರಾಕ್ಷಿಯ ಕಾರ್ಡುಗಳು ಸಾಕಷ್ಟಿವೆ. ನೋಡಲು ಎಷ್ಟೇ ಚೆಂದವಿದ್ದರೂ ಆ ಚಿತ್ರಗಾರ ಕಥೆಯನ್ನು ಪೂರ್ತಿ ಓದಿಲ್ಲ ಎಂದೇ ನನ್ನ ಅಭಿಪ್ರಾಯ. ಯೂರೋಪಿನ ಬಳ್ಳಿ ಗೋಡೆಗೋ ಮರಕ್ಕೋ ಹಬ್ಬಿರುತ್ತದೆ. ಚಿಕ್ಕಬಳ್ಳಾಪುರದಿಂದ ಬಂದ ನನ್ನ ತಂಗಿಯ ಮಗ ಕಾರ್ಡು ನೋಡಿ, “ದೊಡ್ಡಮ್ಮ, ಚಪ್ಪರ ಎಲ್ಲಿ?” ಎಂದು ಕೇಳಿದ. ಅವರ ತೋಟದ ಬೆಂಗಳೂರು ನೀಲಿ ದ್ರಾಕ್ಷಿ ಆಳೆತ್ತರದ ಚಪ್ಪರದಿಂದ ಕೆಳಕ್ಕೆ ತೂಗುತ್ತದೆ. ಅದರಡಿಯಲ್ಲಿ ನಿಂತ ನರಿಗೆ ಹಣ್ಣು ನೆತ್ತಿಯ ಮೇಲೇ ಇದ್ದೂ ಸಿಗುವುದಿಲ್ಲ. ಅವನ ಚಿತ್ರ ಕಾರ್ಡಿನ ಚಿತ್ರಕ್ಕಿಂತ ಕಥೆಗೆ ಹತ್ತಿರ.

ತೋಳ ಮತ್ತು ಕುರಿಮರಿ. ನೀರು ಯಾವ ಕಡೆಗೆ ಹರಿಯುತ್ತಿದೆ ಎಂಬುದನ್ನು ಹುಡುಕಿ. ಕಲ್ಲಿನ ಯಾವ ಪಕ್ಕ ನೊರೆಯಿದೆ, ದಂಡೆಯ ಹುಲ್ಲು ಎತ್ತ ಬಾಗಿದೆ, ನೆಲ ಎತ್ತ ಇಳಿದಿದೆ. ತೋಳ ಮೇಲುಗಡೆ, ಮರಿ ಕೆಳಗಡೆ ಇರಲೇಬೇಕು. “ನನ್ನ ನೀರನ್ನು ಕದಡಿದೆ” ಎಂದು ತೋಳ ಗದರಿದಾಗ ಮರಿ, “ನಾನು ತಮಗಿಂತ ಇಪ್ಪತ್ತು ಹೆಜ್ಜೆ ಕೆಳಗಿದ್ದೇನೆ” ಎಂದು ವಿನಯದಿಂದಲೇ ಹೇಳುತ್ತದೆ. ಮರಿಯನ್ನು ಮೇಲುಗಡೆ ನಿಲ್ಲಿಸಿಬಿಟ್ಟರೆ ತೋಳನ ದೂರು ನ್ಯಾಯವಾಗಿಬಿಡುತ್ತದೆ. ನಾನು ಅಂಟು ಬಳಿದು ಕೆಡಿಸಿದ ಆ ಕಾರ್ಡಿನಲ್ಲಿ ಚಿತ್ರಗಾರ ನೀರಿನ ಹರಿವನ್ನು ತಪ್ಪಿಲ್ಲದೆ ಬರೆದಿದ್ದ. ತೋಳದ ಕಾಲ ಬಳಿಯ ಕಲ್ಲಿಗೆ ತಾಕಿದ ನೀರು ಬಿಳಿ ಗೆರೆಯಾಗಿ ಮರಿಯ ಗೊರಸಿನ ತನಕ ಬಂದಿತ್ತು. ಈ ಕಥೆಯಲ್ಲಿ ಲಾ ಫಾಂಟೇನ್ ನೀತಿಯನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತಾನೆ: ಬಲವಿದ್ದವನ ವಾದವೇ ಯಾವಾಗಲೂ ಗೆಲ್ಲುವ ವಾದ. ಅದು ಉಪದೇಶವಲ್ಲ, ಲೋಕದ ವರದಿ.

ಆಮೆ ಮತ್ತು ಎರಡು ಹಕ್ಕಿ. ಇದನ್ನು ನಿಧಾನವಾಗಿ ನೋಡಿ, ಏಕೆಂದರೆ ಎರಡು ದೇಶಗಳ ಎರಡು ನೀತಿ ಒಂದೇ ಕಡ್ಡಿಗೆ ಜೋತುಬಿದ್ದಿವೆ. ಪಂಚತಂತ್ರದಲ್ಲಿ ಮಳೆಯಿಲ್ಲದೆ ಕೆರೆ ಬತ್ತುತ್ತಿದೆ. ಜೊತೆಯ ಹಂಸಗಳು ಹೊರಟು ನಿಂತಾಗ ಆಮೆಗೆ ಬೇರೆ ದಾರಿಯಿಲ್ಲ. ಕೋಲಾರದವರಿಗೆ ಆ ಆಮೆಯ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಫ್ರೆಂಚ್ ಕಥೆಯಲ್ಲಿ ಕೆರೆ ಬತ್ತಿಲ್ಲ. ಆಮೆಗೆ ತನ್ನ ಬಿಲ ಬೇಸರವಾಗಿದೆ, ದೇಶ ನೋಡಬೇಕು ಅನ್ನಿಸಿದೆ. ಬಾತುಕೋಳಿಗಳು ಅದನ್ನು ಅಮೆರಿಕಕ್ಕೆ ಕರೆದೊಯ್ಯುತ್ತೇವೆ ಎನ್ನುತ್ತವೆ. ಕೆಳಗಿನ ಜನ ಬೆರಗಾಗಿ ಆಮೆಗಳ ರಾಣಿ ಎಂದು ಕೂಗಿದಾಗ “ಹೌದು, ನಾನೇ” ಎನ್ನಲು ಹೋಗಿ ಬೀಳುತ್ತದೆ. ಬಾಯಿಬಡುಕತನ, ಜಂಬ, ಸುಮ್ಮನೆ ಕುತೂಹಲ, ಇವೆಲ್ಲ ಒಂದೇ ಮನೆಯ ಮಕ್ಕಳು ಎಂಬುದು ಅಲ್ಲಿಯ ತೀರ್ಪು. ನಮ್ಮಲ್ಲಿ ಆಮೆ ಹೊರಟದ್ದು ತಪ್ಪಲ್ಲ, ಆಡಿದ ಒಂದು ಮಾತಷ್ಟೇ ತಪ್ಪು. ನಿಮ್ಮ ಕಾರ್ಡಿನಲ್ಲಿ ಕೆಳಗೆ ಬಿರುಕುಬಿಟ್ಟ ಕೆರೆಯಂಗಳವಿದೆಯೋ, ಹೆಂಚಿನ ಮನೆಗಳೂ ಕೈ ತೋರಿಸುವ ಜನರೂ ಇದ್ದಾರೋ ನೋಡಿ. ಹಾರುವವು ಹಂಸವೋ ಬಾತುಕೋಳಿಯೋ ಎಂಬುದನ್ನೂ ಗಮನಿಸಿ. 2001ರಲ್ಲಿ ನಮ್ಮ ಅಂಚೆ ಇಲಾಖೆ ಪಂಚತಂತ್ರದ ಅಂಚೆಚೀಟಿಗಳನ್ನು ತಂದಾಗ ಈ ಆಮೆಯ ಕಥೆಯನ್ನೂ ಸೇರಿಸಿತ್ತು. ಕಾರ್ಡಿನ ಪಕ್ಕದಲ್ಲಿ ಅದನ್ನಿಟ್ಟು ನೋಡುವುದು ಒಂದು ಸಂತೋಷ.

ನೀತಿಯನ್ನು ಬರೆಯುವುದಾದರೆ

ಕಟ್ಟು ಹಾಕಿಸುವವರು ಕೆಳಗೆ ಒಂದು ಸಾಲು ಕನ್ನಡದಲ್ಲಿ ಬೇಕು ಎನ್ನುತ್ತಾರೆ. ಒಳ್ಳೆಯದೇ. ಕಾರ್ಡಿನ ಮೇಲೆ ಬರೆಯದೆ, ಬೇರೆ ಕಾಗದದ ಪಟ್ಟಿಯ ಮೇಲೆ ಬರೆದು ಮೌಂಟಿನ, ಅಂದರೆ ಚಿತ್ರದ ಸುತ್ತ ಕೂರಿಸುವ ದಪ್ಪ ಬೋರ್ಡಿನ, ಕೆಳಭಾಗದಲ್ಲಿ ಕೂರಿಸಿ. ಗಾದೆ ಹುಡುಕುವಾಗ ಮಾತ್ರ ಆತುರ ಬೇಡ. ಆಮೆಗೆ “ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು” ಸರಿಯಾಗಿ ಕೂರುತ್ತದೆ, ಅದೂ ನಮ್ಮ ಕಡೆಯ ಆಮೆಗೆ. ಕಾಗೆಗೆ ಗಾದೆಗಿಂತ ಬಸವಣ್ಣನವರ ಒಂದು ಪದ ಸಾಕು: ಹೊನ್ನಶೂಲ. ಹೊಗಳಿ ಹೊಗಳಿ ಚಿನ್ನದ ಶೂಲಕ್ಕೇರಿಸಿದರು ಎಂಬ ಆ ಮಾತಿನ ಮುಂದೆ ಬೇರೆ ವಿವರಣೆ ಬೇಕಿಲ್ಲ. ತೋಳ ಕುರಿಮರಿಗೆ “ಬಡವನ ಕೋಪ ದವಡೆಗೆ ಮೂಲ” ಎಂದು ಬರೆಯಿರಿ ಎಂದು ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಕುರಿಮರಿ ಕೋಪಿಸಿಕೊಳ್ಳಲೇ ಇಲ್ಲ. ಸರಿಯಾದ ಮಾತನ್ನು ಸರಿಯಾದ ದನಿಯಲ್ಲಿ ಆಡಿತು. ಅದರ ಸಾವನ್ನು ಅದರ ತಪ್ಪು ಮಾಡುವ ಗಾದೆಯನ್ನು ಅದರ ಕೆಳಗೆ ಬರೆಯಬಾರದು. ಕೊನೆಗೆ ಆ ಪಟ್ಟಿಯಲ್ಲಿ ಬರೆದದ್ದು “ಮರಿ ಕೆಳಗಿತ್ತು” ಎಂದಷ್ಟೇ.

ಕಟ್ಟು ಹಾಕುವುದು

ಅಂಟು, ಗೋಂದು, ಸೆಲ್ಲೊಟೇಪು, ಎರಡು ಬದಿಯ ಟೇಪು ಯಾವುದೂ ಕಾರ್ಡನ್ನು ಮುಟ್ಟಕೂಡದು. ಲ್ಯಾಮಿನೇಷನ್ ಎಂಬ ಮಾತೇ ಬೇಡ. ಒಮ್ಮೆ ಮಾಡಿದರೆ ಹಿಂದಿರುಗುವ ದಾರಿಯಿಲ್ಲ. ಧೂಳಿದ್ದರೆ ಮೃದುವಾದ ಒಣ ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ ತೆಗೆಯಿರಿ. ನೀರು ಬೇಡ, ಚಿತ್ರದ ಮೇಲೆ ರಬ್ಬರ್ ಬೇಡ.

ಎರಡು ಬದಿಯೂ ಕಾಣುವ ಕಟ್ಟನ್ನು ನಾನು ಹೀಗೆ ಮಾಡುತ್ತೇನೆ. ಆಮ್ಲವಿಲ್ಲದ ಮೌಂಟ್ ಬೋರ್ಡಿನ ಎರಡು ತುಂಡು. ನಮ್ಮಲ್ಲಿ ಸಿಗುವುದಿಲ್ಲ, ಬೆಂಗಳೂರಿನಿಂದ ತರಿಸುತ್ತೇನೆ. ಮಾಮೂಲಿ ಬೋರ್ಡು ಕೆಲವು ವರ್ಷಗಳಲ್ಲಿ ಕಾಗದದ ಮೇಲೆ ಕಂದು ಗೆರೆ ಬಿಡುತ್ತದೆ. ಎರಡರಲ್ಲೂ 8.6ಕ್ಕೆ 13.6 ಸೆಂಟಿಮೀಟರಿನ ಕಿಟಕಿ ಕೊಯ್ಯಿರಿ. ಕಾರ್ಡು 9ಕ್ಕೆ 14 ಇರುವುದರಿಂದ ಸುತ್ತಲೂ ಎರಡೆರಡು ಮಿಲಿಮೀಟರ್ ಅಂಚು ಬೋರ್ಡಿನ ಹಿಡಿತಕ್ಕೆ ಸಿಗುತ್ತದೆ. ಕಾರ್ಡನ್ನು ಎರಡರ ನಡುವೆ ಇಟ್ಟು, ಅದು ಜರುಗದಂತೆ ಸುತ್ತ ಅದರಷ್ಟೇ ದಪ್ಪದ ಆಮ್ಲರಹಿತ ಕಾಗದದ ಪಟ್ಟಿಗಳನ್ನು ಒಂದು ಬೋರ್ಡಿಗೆ ಅಂಟಿಸಿ. ಅಂಟು ಬೋರ್ಡಿಗೆ ಬೀಳಬೇಕು, ಕಾರ್ಡಿಗಲ್ಲ. ಪಟ್ಟಿಗೂ ಕಾರ್ಡಿಗೂ ನಡುವೆ ಒಂದು ಮಿಲಿಮೀಟರ್ ಬಿಡಿ. ಬೇಸಿಗೆ ಮಳೆಗಾಲಕ್ಕೆ ಕಾಗದ ಹಿಗ್ಗಿ ಕುಗ್ಗುತ್ತದೆ. ಎರಡೂ ಕಡೆ ಎರಡು ಮಿಲಿಮೀಟರ್ ಗಾಜು. ಮೌಂಟಿನ ದಪ್ಪವೇ ಗಾಜನ್ನು ಚಿತ್ರದಿಂದ ದೂರ ಇಡುತ್ತದೆ. ಗಾಜು ನೇರವಾಗಿ ಕೂತರೆ ತೇವಕ್ಕೆ ಬಣ್ಣ ಗಾಜಿಗೆ ಹಿಡಿಯುತ್ತದೆ, ಎಷ್ಟು ಮದುವೆ ಫೋಟೊ ಹಾಗೆ ಹರಿದದ್ದನ್ನು ನೋಡಿದ್ದೇನೋ ಲೆಕ್ಕವಿಲ್ಲ. ಇಷ್ಟೆಲ್ಲ ಕೂರಲು ಬೀಡಿಂಗಿನ (ಕಟ್ಟಿನ ಚೌಕಟ್ಟಿನ ಪಟ್ಟಿಯ) ಒಳತೋಡು ಹನ್ನೆರಡು ಮಿಲಿಮೀಟರ್ ಆಳವಾದರೂ ಇರಬೇಕು. ಕೊಳ್ಳುವಾಗ ಅಳೆದು ಕೊಳ್ಳಿ.

ತೂಗುಹಾಕುವುದಾದರೆ ಸರಪಳಿಯಲ್ಲಿ, ಕೈಯಿಂದ ತಿರುಗಿಸಿ ನೋಡುವ ಹಾಗೆ. ಪಡುವಣ ಕಿಟಕಿಯ ಎದುರು ಬೇಡ, ದೇವರ ಮನೆಯ ಹೊಗೆಯ ಹತ್ತಿರ ಬೇಡ, ಹೊಸದಾಗಿ ಸಿಮೆಂಟು ಬಳಿದ ಗೋಡೆ ಬೇಡವೇ ಬೇಡ. ಆರು ತಿಂಗಳು ಬೆಳಕಿನಲ್ಲಿದ್ದರೆ ಆರು ತಿಂಗಳು ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆಯಲ್ಲಿ ಇಡುವಾಗ ಪಾಲಿಪ್ರೊಪಿಲಿನ್ ಲಕೋಟೆ ಒಳ್ಳೆಯದು. ಮೂಗಿಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಹೊಡೆಯುವ ಪಿವಿಸಿ ಕೆಟ್ಟದ್ದು. ರಬ್ಬರ್ ಬ್ಯಾಂಡು ಹಾಕಬೇಡಿ.

ಮಕ್ಕಳ ಕೈಗೆ ಕೊಡಲು ನಕಲು ಮಾಡಿ. ಎರಡೂ ಬದಿಯನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ, ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ. ನಮ್ಮ ದೇಶದ ಕಾನೂನಿನಲ್ಲಿ ಕಲಾವಿದ ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಗ್ರಾಂವಿಲ್, ಡೋರೆ, 1939ರಲ್ಲಿ ತೀರಿಕೊಂಡ ರಾಬ್ಯೆ, ಇವರ ಚಿತ್ರಗಳಿಗೆ ಆ ಅವಧಿ ಮುಗಿದಿದೆ. ನಕಲನ್ನು ಮಗುವಿನ ಮುಂದಿಟ್ಟು ಅರ್ಧ ಭಾಗವನ್ನು ಕಾಗದದಿಂದ ಮುಚ್ಚಿ, ಈ ಕಡೆ ಯಾರಿರಬಹುದು ಎಂದು ಕೇಳಿ. ಕಥೆಯನ್ನು ನೀವು ಆಮೇಲೆ ಹೇಳಿ.

ಕೊನೆಯ ಕೆಲಸ ಒಂದು ಚೀಟಿ. ಮೆದು ಪೆನ್ಸಿಲಿನಲ್ಲಿ ಬರೆದು, ಬೀಡಿಂಗಿನ ಒಳಗೆ ಮೌಂಟಿನ ಪಕ್ಕದಲ್ಲಿ ಮಡಿಸಿ ಇಡಿ: ಕಾರ್ಡು ಯಾರದು, ಯಾರು ಯಾರಿಗೆ ಕೊಟ್ಟದ್ದು, ಯಾವ ಊರಿನ ಯಾವ ಮನೆಯಲ್ಲಿ ಇತ್ತು, ಹಿಂಬದಿಯಲ್ಲಿ ಏನು ಬರೆದಿದೆ. ಹೋದ ವಾರ ಆಮೆಯ ಕಾರ್ಡೊಂದಕ್ಕೆ ಬರೆದ ಚೀಟಿ ಹೀಗಿದೆ: “ಅಜ್ಜಿಯ ಹೊಲಿಗೆ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. ಊರಿಗಾಂ ಮನೆ. ಹಿಂಬದಿಯಲ್ಲಿ ನೀಲಿ ಶಾಯಿಯಲ್ಲಿ ನಾಲ್ಕು ಸಾಲು, ಮೂರನೆಯದು ಓದಲು ಬರುವುದಿಲ್ಲ.”